ಚಿಲಿ ಮತ್ತು ಚೀನಾ ಇಷ್ಟು ದೂರವಿದ್ದರೂ ಅವುಗಳ ಸಂಬಂಧ ಗಟ್ಟಿಯಾಗಿರುವುದು ಹೇಗೆ?

ಕಮ್ಯುನಿಸ್ಟ್ ಚೀನಾಕ್ಕೆ ದಕ್ಷಿಣ ಅಮೆರಿಕದಲ್ಲಿ ಮೊದಲು ರಾಜತಾಂತ್ರಿಕ ಮನ್ನಣೆ ನೀಡಿದ ದೇಶ ಚಿಲಿ. ಅದು 1970ರ ಡಿಸೆಂಬರ್‌ನಲ್ಲಿ, ಸಮಾಜವಾದಿ ಅಧ್ಯಕ್ಷ ಅಯೆಂದೆ ಅವರ ಕಾಲದಲ್ಲಿ. 1973ರ ಸೇನಾ ದಂಗೆಯ ನಂತರ ಕಡು ಕಮ್ಯುನಿಸ್ಟ್ ವಿರೋಧಿ ಪಿನೋಷೆ ಅಧಿಕಾರ ಹಿಡಿದಾಗ ಸೋವಿಯತ್ ಒಕ್ಕೂಟ ಸಂಬಂಧ ಕಡಿದುಕೊಂಡರೂ, ಸೋವಿಯತ್ ಜೊತೆಗಿನ ತನ್ನ ವೈಷಮ್ಯವನ್ನೇ ದೊಡ್ಡದೆಂದು ಎಣಿಸಿದ್ದ ಬೀಜಿಂಗ್ ಹಾಗೆ ಮಾಡಲಿಲ್ಲ. ನನ್ನ ದೃಷ್ಟಿಯಲ್ಲಿ ಇಂದಿನ ನಂಟಿನ ಬೇರು ಇರುವುದು ಈ ನಿರ್ಧಾರದಲ್ಲೇ.

ವ್ಯಾಪಾರದ ಬೆನ್ನೆಲುಬು ತಾಮ್ರ: ಅತಿ ಹೆಚ್ಚು ಉತ್ಪಾದಿಸುವ ದೇಶ ಚಿಲಿ, ಅತಿ ಹೆಚ್ಚು ಬಳಸುವ ದೇಶ ಚೀನಾ. 2005ರಲ್ಲಿ ಸಹಿಯಾದ ಮುಕ್ತ ವ್ಯಾಪಾರ ಒಪ್ಪಂದ ಸುಂಕಗಳನ್ನು ಹಂತಹಂತವಾಗಿ ತೆಗೆದ ಮೇಲೆ ಚೆರ್ರಿ ಹಣ್ಣಿಗೂ ದಾರಿಯಾಯಿತು. ದಕ್ಷಿಣ ಗೋಳಾರ್ಧದ ಬೇಸಿಗೆಯಲ್ಲಿ ಕೊಯ್ದ ಹಣ್ಣು ಶೀತಲ ಕಂಟೇನರುಗಳಲ್ಲಿ ಸುಮಾರು ಮೂರು ವಾರ ಸಾಗಿ, ಕೆಂಪನ್ನು ಶುಭವೆನ್ನುವ ಚೀನೀಯರ ಹೊಸವರ್ಷದ ಉಡುಗೊರೆ ಪೆಟ್ಟಿಗೆ ಸೇರುತ್ತದೆ.