ಹಳೇ ಕಾಮಿಕ್ಸ್ ಮುಖಪುಟಕ್ಕೆ ಲ್ಯಾಮಿನೇಷನ್ ಬೇಡ, ಈ ಪ್ರಶ್ನೆಯೂ ಸಾಕು

ಹಳೇ ಕಾಗದ ಉಳಿಸುವುದು ನನ್ನ ಕೆಲಸ. ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಈ ಸಲ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಅಪ್ಪ ಕೂಡಿಟ್ಟ ಕನ್ನಡ ಇಂದ್ರಜಾಲ ಕಾಮಿಕ್ಸ್ ಇವೆ. ಫ್ಯಾಂಟಮ್ ಮುಖಪುಟಗಳ ಅಂಚು ಹರಿದಿದೆ, ಬಣ್ಣ ಮಾಸಿದೆ. ಲ್ಯಾಮಿನೇಷನ್ ಮಾಡಿಸಲಾ? ನಿಂಬೆರಸ ಹಚ್ಚಿ ಬಿಸಿಲಿಗಿಟ್ಟರೆ ಹಳದಿ ಹೋಗುತ್ತದೆ ಎಂದು ಒಂದು ವಿಡಿಯೊದಲ್ಲಿ ನೋಡಿದೆ. ನಿಜವಾ? (ಶಿರಸಿ)

ಎರಡೂ ಬೇಡ. ಲ್ಯಾಮಿನೇಷನ್ ಮಾಡಲು ಮೊದಲು ಪಿನ್ನು ಕಿತ್ತು ಮುಖಪುಟವನ್ನು ಬೇರೆ ಮಾಡಬೇಕು. ಪುಸ್ತಕ ಅಲ್ಲಿಗೇ ಹೋಯಿತು. ಆಮೇಲೆ ಬಿಸಿ ರೋಲರ್ ಕೆಳಗೆ ಪ್ಲಾಸ್ಟಿಕ್ಕಿನ ಅಂಟು ಕರಗಿ ಕಾಗದದ ನಾರಿಗೆ ಕಚ್ಚಿಕೊಳ್ಳುತ್ತದೆ. ಮುಂದೊಂದು ದಿನ ಬಿಡಿಸಲು ಹೋದರೆ ಫ್ಯಾಂಟಮ್‌ನ ಮುಖ ಪ್ಲಾಸ್ಟಿಕ್ ಜೊತೆಗೇ ಎದ್ದು ಬರುತ್ತದೆ.

ನಿಂಬೆರಸದ ಮಾತು ಹೇಳಿದ ಪುಣ್ಯಾತ್ಮನಿಗೆ ದೂರದಿಂದಲೇ ಕೈ ಮುಗಿಯಿರಿ. ಅಗ್ಗದ ಕಾಗದವನ್ನು ಮರ ಅರೆದು ಮಾಡುತ್ತಾರೆ. ಅದರಲ್ಲಿ ಮರದ ನಾರನ್ನು ಹಿಡಿದಿಡುವ ಲಿಗ್ನಿನ್ ಎಂಬ ವಸ್ತು ಹಾಗೇ ಉಳಿದಿರುತ್ತದೆ. ಗಾಳಿ, ಬೆಳಕು ತಾಗಿ ಅದು ಹಳದಿಯಾಗುತ್ತದೆ, ಕಾಗದದಲ್ಲಿ ಆಮ್ಲ ಹೆಚ್ಚುತ್ತದೆ, ನಾರು ಮುರಿಯುತ್ತದೆ. ಆಮ್ಲದಿಂದಲೇ ಸಾಯುತ್ತಿರುವ ಕಾಗದಕ್ಕೆ ಇನ್ನಷ್ಟು ಆಮ್ಲ ಸುರಿದು, ಮೇಲೆ ಬಿಸಿಲಿಗೆ ಇಡುವುದಾ? ಬ್ಲೀಚ್, ಇಸ್ತ್ರಿ ಪೆಟ್ಟಿಗೆ, ಎಲ್ಲದಕ್ಕೂ ಇದೇ ಉತ್ತರ.

ಅಮೆರಿಕದ ಹಳೇ ಅಗ್ಗದ ಕಥಾಪತ್ರಿಕೆಗಳಿಗೆ ಪಲ್ಪ್ (ಅರೆದ ಮರದ ತಿರುಳು) ಎಂಬ ಹೆಸರು ಬಂದದ್ದೇ ಈ ಕಾಗದದಿಂದ. ಒಳಪುಟ ಕಳಪೆ, ಮುಖಪುಟ ಮಾತ್ರ ನುಣುಪು ಕಾಗದ. ಅಂಗಡಿಯಲ್ಲಿ ಕಣ್ಣಿಗೆ ಬೀಳಬೇಕಲ್ಲ! ಎಷ್ಟೋ ಪತ್ರಿಕೆಗಳ ಮುಖಪುಟ ಒಳಪುಟಕ್ಕಿಂತ ಸ್ವಲ್ಪ ದೊಡ್ಡದಿರುತ್ತಿತ್ತು. ಹೊರಗೆ ಚಾಚಿದ ಆ ಅಂಚು ಮಡಚಿ ಮಡಚಿ ಉದುರಿಹೋಗಿರುತ್ತದೆ. ಆದರೆ ನಡುವಿನ ಚಿತ್ರ ಇವತ್ತಿಗೂ ಗಟ್ಟಿ. ಒಳಗಿನ ಕಥೆಯನ್ನು ಮುಟ್ಟಿದರೆ ಪುಡಿ.

ಮಾಸಿದ ಬಣ್ಣ ವಾಪಸ್ ಬರುವುದಿಲ್ಲ. ಬೆಳಕಿಗೆ ಮೊದಲು ಸೋಲುವುದು ಕೆಂಪು ಮತ್ತು ಹಳದಿ. ಹಾಗಾಗಿಯೇ ಕಿಟಕಿ ಪಕ್ಕ ಇಟ್ಟ ಪುಸ್ತಕ ನೀಲಿ ನೀಲಿಯಾಗಿ ಕಾಣುವುದು. ನಿಮ್ಮ ಪ್ರತಿಯ ಪಿನ್ನಿನ ಸುತ್ತ ನೋಡಿ. ಸಾಸಿವೆಯಷ್ಟು ಕಂದು ಕಲೆ ಇದ್ದರೆ ಅದು ತುಕ್ಕು. ಕಾಗದ ಹರಿಯುವುದು ಅಲ್ಲಿಂದಲೇ. ಪುಸ್ತಕವನ್ನು ಪೂರ್ತಿ ಬಿಡಿಸಿ ಇಡಬೇಡಿ.

ಮಾಡಬೇಕಾದದ್ದು ಇಷ್ಟೇ. ಮೃದು ಬ್ರಷ್‌ನಲ್ಲಿ ಧೂಳು ತೆಗೆಯಿರಿ. ಒಂದೊಂದನ್ನೂ ಪಾಲಿಯೆಸ್ಟರ್ ಕವರ್‌ನಲ್ಲಿಡಿ, ಪಿವಿಸಿ ಬೇಡ. ಹಿಂದೆ ಆಮ್ಲರಹಿತ ರಟ್ಟು ಕೊಡಿ. ನಿಮ್ಮ ಕಡೆ ಮಳೆ ಜಾಸ್ತಿ, ಕವರ್ ಬಾಯಿಗೆ ಟೇಪ್ ಹಾಕಿ ಬಿಗಿಯಬೇಡಿ, ತೇವ ಒಳಗೇ ಕೂರುತ್ತದೆ. ಬೀರು ಹೊರಗೋಡೆಗೆ ತಾಗದಿರಲಿ. ಹರಿದಲ್ಲಿ ಸೆಲ್ಲೋಟೇಪ್ ಹಾಕಿದರೆ ಅದರ ಅಂಟು ಹಳದಿಯಾಗಿ ಚಿತ್ರದೊಳಗೆ ಇಳಿಯುತ್ತದೆ. ತೆಳು ಜಪಾನಿ ಕಾಗದ ಮತ್ತು ಗೋಧಿ ಪಿಷ್ಟದ ಅಂಟಿನಿಂದ ಕೂಡಿಸಬಹುದು, ಬೇಕಾದಾಗ ಬಿಡಿಸಲೂಬಹುದು. ಅದು ಕೈ ಪಳಗಿದವರ ಕೆಲಸ. ನಾನಾದರೆ ಹರಿದ ಮೂಲೆಯನ್ನು ಹಾಗೇ ಬಿಡುತ್ತೇನೆ. ನನಗೆ ಭಯ ಜಾಸ್ತಿ ಅನ್ನುವವರಿದ್ದಾರೆ, ಅನ್ನಲಿ.

ಇನ್ನೊಂದು ಮಾತು. ಇಂದ್ರಜಾಲ 1964ರ ಮಾರ್ಚ್‌ನಲ್ಲಿ ಶುರುವಾಯಿತು. ಫ್ಯಾಂಟಮ್ ಅಮೆರಿಕದ ಪಾತ್ರವಾದರೂ ಇಂದ್ರಜಾಲದ ಎಷ್ಟೋ ಮುಖಪುಟಗಳು ಅಲ್ಲಿಂದ ಎತ್ತಿಕೊಂಡವಲ್ಲ. ಬಿ. ಗೋವಿಂದ್ ಎಂಬ ಕಲಾವಿದರು ಇಲ್ಲೇ ಕೂತು ಬರೆದವು. ಇಂಥದ್ದನ್ನು ಬೀದಿಬದಿ ಜೆರಾಕ್ಸ್ ಅಂಗಡಿಯ ಮೆಷಿನ್‌ಗೆ ಕೊಡಲು ಮನಸ್ಸಾದರೂ ಹೇಗೆ ಬರುತ್ತದೆ?

ಮುಖಪುಟ ಮಾತ್ರ ಕತ್ತರಿಸಿ ಫ್ರೇಮ್ ಹಾಕಿಸಬಹುದಾ? (ಬೆಂಗಳೂರು)

ಸ್ಕ್ಯಾನ್ ಮಾಡಿ, ಪ್ರಿಂಟ್‌ಗೆ ಫ್ರೇಮ್ ಹಾಕಿಸಿ. ಕತ್ತರಿ ಒಳಗಿಡಿ.

ಅಮೆರಿಕದ ಪಲ್ಪ್ ಪತ್ರಿಕೆ ವಿಯರ್ಡ್ ಟೇಲ್ಸ್‌ನ ಮುಖಪುಟದ ಅರೆಬೆತ್ತಲೆ ಹೆಂಗಸರು ಗಂಡಸರ ಚಪಲಕ್ಕೆ ಗಂಡಸರೇ ಬರೆದದ್ದು, ಅಲ್ವಾ? (ಧಾರವಾಡ)

1930ರ ದಶಕದಲ್ಲಿ ಅವುಗಳಲ್ಲಿ ಬಹುಪಾಲು ಬರೆದದ್ದು ಮಾರ್ಗರೆಟ್ ಬ್ರಂಡೇಜ್ ಎಂಬ ಹೆಂಗಸು, ಅದೂ ಮುಟ್ಟಿದರೆ ಅಳಿಸುವ ಪೇಸ್ಟಲ್ ಬಣ್ಣದಲ್ಲಿ.

ಇಲ್ಲಿನ ಗ್ಯಾರೇಜ್ ಸೇಲ್‌ನಲ್ಲಿ ಆ್ಯಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆ ಸಿಕ್ಕಿತು. ಸೂಪರ್‌ಮ್ಯಾನ್ ಹಸಿರು ಕಾರು ಎತ್ತಿದ್ದಾನೆ, 1938, ಹತ್ತು ಸೆಂಟ್ ಎಂದಿದೆ. ಕೋಟಿ ಬೆಲೆಯಂತೆ? (ನ್ಯೂಜೆರ್ಸಿ)

ಒಂದು ಸ್ಕೇಲ್ ತಗೊಳ್ಳಿ. ಅಸಲಿ ಪ್ರತಿ ಸುಮಾರು ಏಳೂಮುಕ್ಕಾಲು ಇಂಚು ಅಗಲ, ಹತ್ತೂವರೆ ಇಂಚು ಎತ್ತರ. ನಿಮ್ಮದು ಹದಿಮೂರು ಇಂಚು ದಾಟಿದರೆ ಅದು 1974ರ ದೊಡ್ಡ ಗಾತ್ರದ ಮರುಮುದ್ರಣ. ಅದರ ಹೊರಗಿನ ದಪ್ಪ ರಕ್ಷಾಪುಟದ ಮೇಲೆ ಮರುಮುದ್ರಣ ಎಂದೇ ಇತ್ತು. ಅದನ್ನು ಕಿತ್ತುಹಾಕಿ ಅಸಲಿ ಎಂದು ಮಾರಿದ ಕಳ್ಳರು ಆಗಲೇ ಇದ್ದರು. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ಈ ಸಂಚಿಕೆಯ ಒಂದು ಅಸಲಿ ಪ್ರತಿ 2024ರಲ್ಲಿ ಹರಾಜಿನಲ್ಲಿ 60 ಲಕ್ಷ ಡಾಲರ್‌ಗೆ ಹೋಯಿತು ನಿಜ. ಅಳತೆ ಸರಿಹೋದರೂ ಕುಣಿಯಬೇಡಿ, ಅಸಲಿ ಗಾತ್ರದ ಮರುಮುದ್ರಣಗಳೂ ಇವೆ. ಹಿಂಬದಿಯ ಜಾಹೀರಾತು, ಪುಟಗಳ ಸಂಖ್ಯೆ ನೋಡಿಕೊಂಡು ಬರೆಯಿರಿ. ಮೊಬೈಲ್‌ನಲ್ಲಿ ಓರೆಯಾಗಿ ತೆಗೆದ ಮುಖಪುಟದ ಫೋಟೊ ಮಾತ್ರ ಇನ್ನು ಕಳಿಸಬೇಡಿ.