ಹತ್ತಾದರೂ ಮುಗಿಯದ ಹೋಂವರ್ಕ್: ಒಂದು ಆಪ್ತಸಲಹೆ ಪ್ರಕರಣ

(ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆದಿದ್ದೇನೆ. ಹುಡುಗನನ್ನು ಪುಟ್ಟ ಎನ್ನೋಣ.)

ಪುಟ್ಟನಿಗೆ ಒಂಬತ್ತು ವರ್ಷ. ನಾಲ್ಕನೇ ತರಗತಿ, ಇಂಗ್ಲಿಷ್ ಮೀಡಿಯಂ. ತಾಯಿ ಸಹಕಾರ ಸಂಘವೊಂದರಲ್ಲಿ ಕೆಲಸಕ್ಕೆ ಹೋಗುತ್ತಾರೆ, ತಂದೆಯದು ಮೊಬೈಲ್ ರಿಪೇರಿ ಅಂಗಡಿ. ಮನೆಯಲ್ಲಿ ತಂದೆಯ ತಾಯಿ ಇದ್ದಾರೆ.

"ರಾತ್ರಿ ಹತ್ತಾದರೂ ಹೋಂವರ್ಕ್ ಮುಗಿಯಲ್ಲ ಮೇಡಂ. ಒಂದು ಸಾಲು ಬರೀತಾನೆ, ನೀರು ಬೇಕು ಅಂತಾನೆ, ಪೆನ್ಸಿಲ್ ಹೆರೀತಾ ಕೂರ್ತಾನೆ. ಬೈದ್ರೆ ಅಳ್ತಾನೆ. ಒಂದೆರಡು ಸಲ ಹೊಡೆದೂ ಬಿಟ್ಟಿದೀನಿ. ಬೆಳಗ್ಗೆ ಎದ್ರೆ ಹೊಟ್ಟೆನೋವು ಅಂತಾನೆ. ಬರೀ ಸೋಮಾರಿ ಆಗಿಬಿಟ್ಟಿದಾನೆ" ಎಂದರು ತಾಯಿ.

ನಿನ್ನೆ ಶಾಲೆ ಬಿಟ್ಟಾಗಿನಿಂದ ಮಲಗುವವರೆಗೆ ಏನೇನಾಯಿತು, ಗಂಟೆ ಸಮೇತ ಹೇಳಿ ಎಂದೆ. ನಾಲ್ಕೂಕಾಲಕ್ಕೆ ವ್ಯಾನ್ ಇಳಿಯುತ್ತಾನೆ. ಟಿವಿ ಮುಂದೆ ಬಿಸ್ಕತ್ತು. ಐದರಿಂದ ಏಳು ಟ್ಯೂಷನ್. ವಾರಕ್ಕೆರಡು ದಿನ ಅದರ ಬೆನ್ನಿಗೇ ಅಬ್ಯಾಕಸ್. ಊಟ ಮುಗಿಸಿ ಶಾಲೆಯ ಹೋಂವರ್ಕ್‌ಗೆ ಕೂರುವಾಗ ಎಂಟೂಮುಕ್ಕಾಲು. ಟ್ಯೂಷನ್‌ನಲ್ಲಿ ಶಾಲೆಯ ಕೆಲಸ ಮಾಡಿಸುವುದಿಲ್ಲ, ಅಲ್ಲಿಯದೇ ಬೇರೆ ಹೋಂವರ್ಕ್ ಇರುತ್ತದೆ. ಆಟ ಯಾವಾಗ ಎಂದು ಕೇಳಿದ್ದಕ್ಕೆ ತಾಯಿ ಸ್ವಲ್ಪ ಹೊತ್ತು ಯೋಚಿಸಿ "ಭಾನುವಾರ" ಎಂದರು.

ಪುಟ್ಟನ ಜೊತೆ ಬೇರೆಯಾಗಿ ಕೂತೆ. ಕನ್ನಡ ಪಾಠ ಸರಾಗವಾಗಿ ಓದಿದ. ಬಾಯಿಲೆಕ್ಕ ಚುರುಕು. ಇಂಗ್ಲಿಷ್ ಪರಿಸರ ಪಾಠಕ್ಕೆ ಬಂದಾಗ ದನಿ ಇಳಿಯಿತು. ಗಿಡದ ಭಾಗಗಳ ಬಗ್ಗೆ ನೋಟ್‌ಬುಕ್ಕಿನಲ್ಲಿ ಅಂದವಾದ ಉತ್ತರ ಇತ್ತು, ಅದರ ಅರ್ಥ ಕೇಳಿದರೆ ತಲೆ ತಗ್ಗಿಸಿದ. ಗಿಡ ನೀರು ಹೇಗೆ ಕುಡಿಯುತ್ತೆ ಎಂದು ಕನ್ನಡದಲ್ಲಿ ಕೇಳಿದೆ. "ಬೇರಿಂದ. ಅದಕ್ಕೇ ಅಜ್ಜಿ ತುಳಸಿ ಬುಡಕ್ಕೆ ನೀರು ಹಾಕೋದು." ವಿಷಯ ಗೊತ್ತಿದೆ, ಆದರೆ ತಾನು ಬರೆದ ಉತ್ತರ ಅದನ್ನೇ ಹೇಳುತ್ತಿದೆ ಎಂಬುದು ಗೊತ್ತಿಲ್ಲ.

ಎರಡೂ ಭಾಷೆಯಲ್ಲಿ ಅಕ್ಷರ ಅದಲುಬದಲಾಗುತ್ತಿದ್ದರೆ, ಕನ್ನಡವನ್ನೂ ತಡವರಿಸಿ ಓದುತ್ತಿದ್ದರೆ, ಕಲಿಕಾ ನ್ಯೂನತೆಯ ಪರೀಕ್ಷೆಗೆ ಆಗಲೇ ನಿಮ್ಹಾನ್ಸ್‌ಗೆ ಕಳಿಸುತ್ತಿದ್ದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆ ನ್ಯೂನತೆಯೂ ಸೇರಿದೆ, ಅಂಥ ಮಕ್ಕಳಿಗೆ ಪರೀಕ್ಷೆಯಲ್ಲಿ ರಿಯಾಯಿತಿಗಳೂ ಸಿಗುತ್ತವೆ. ಇಲ್ಲಿ ಆ ಲಕ್ಷಣ ಕಾಣಲಿಲ್ಲ. ಆದರೂ ಕಣ್ಣು, ಕಿವಿ ತೋರಿಸಲು ಹೇಳಿದೆ. ಎರಡೂ ಸರಿಯಿದ್ದವು.

ನನ್ನ ಗಮನ ಸೆಳೆದದ್ದು ಪುಟಗಳ ಸ್ಥಿತಿ. ರಬ್ಬರ್ ಉಜ್ಜಿ ಉಜ್ಜಿ ಕೆಲವು ಕಡೆ ಕಾಗದ ತೂತಾಗಿತ್ತು. "ಅಕ್ಷರ ಚೆನ್ನಾಗಿಲ್ಲ ಅಂತ ಅಮ್ಮ ಅಳಿಸ್ತಾಳೆ, ಮತ್ತೆ ಬರೀಬೇಕು" ಎಂದ. ಬೇಗ ಬರೆದರೂ ಅಳಿಸಿ ಬರೆಸುತ್ತಾರೆ ಎಂದಮೇಲೆ ಬೇಗ ಬರೆಯಲು ಈ ಮಗುವಿಗೆ ಕಾರಣವಾದರೂ ಏನು? ನೀರು, ಪೆನ್ಸಿಲ್ಲು ಎಲ್ಲ ಅಲ್ಲಿಂದ ಹುಟ್ಟಿದ ನೆಪಗಳು.

ಮುಂದಿನ ಭೇಟಿಗೆ ತಂದೆಯನ್ನೂ ಅಜ್ಜಿಯನ್ನೂ ಕರೆಸಿದೆ. ಟ್ಯೂಷನ್ ನಿಲ್ಲಿಸಿ ಎಂದಾಗ ತಂದೆ ಒಪ್ಪಲಿಲ್ಲ. "ಅವನ ಕ್ಲಾಸಿನವರೆಲ್ಲ ಹೋಗ್ತಾರೆ, ನಮ್ಮೋನು ಹಿಂದೆ ಬೀಳಲ್ವಾ?" ಈ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ, ತಾವು ಓದಲಾಗದ್ದನ್ನು ಮಗ ಓದಲಿ ಎಂದು ದುಡಿಯುವ ಮನುಷ್ಯ. ಕೇಂದ್ರ ಸರ್ಕಾರದ 2020ರ ಶಾಲಾ ಬ್ಯಾಗ್ ನೀತಿಯ ಮಾತು ಹೇಳಿದೆ: ಎರಡನೇ ತರಗತಿವರೆಗೆ ಹೋಂವರ್ಕ್ ಬೇಡ, ಮೂರರಿಂದ ಐದನೇ ತರಗತಿಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ. ಪುಟ್ಟ ಅಷ್ಟು ಹೊತ್ತು ಎರಡೇ ರಾತ್ರಿಯಲ್ಲಿ ಕೂರುತ್ತಿದ್ದ. ಕೊನೆಗೆ ಅಬ್ಯಾಕಸ್ ಬಿಡಿಸುವುದು, ಟ್ಯೂಷನ್ ವಾರಕ್ಕೆ ಮೂರೇ ದಿನ, ಅಲ್ಲಿ ಶಾಲೆಯ ಹೋಂವರ್ಕನ್ನೇ ಮಾಡಿಸುವಂತೆ ಕೇಳುವುದು ಎಂದಾಯಿತು.

ಟ್ಯೂಷನ್ ಇಲ್ಲದ ದಿನಗಳಿಗೆ ಹೀಗೆ ಹೇಳಿದೆ. ವ್ಯಾನ್ ಇಳಿದ ತಕ್ಷಣ ಕೈಕಾಲು ತೊಳೆದು ಹೊಟ್ಟೆ ತುಂಬ ತಿಂಡಿ: ಅವಲಕ್ಕಿಯೋ, ಮಧ್ಯಾಹ್ನದ ಚಪಾತಿಯೋ, ಮನೆಯಲ್ಲಿದ್ದದ್ದು. ಆಮೇಲೆ ಐದೂವರೆವರೆಗೆ ಹೊರಗೆ ಆಟ. ಟಿವಿ, ಫೋನು ಆ ಹೊತ್ತಿಗೆ ಬೇಡ, ಏಕೆಂದರೆ ಅದರ ಮುಂದಿನಿಂದ ಮಗುವನ್ನು ಎಬ್ಬಿಸಿ ಪುಸ್ತಕ ಹಿಡಿಸುವುದೇ ಇನ್ನೊಂದು ಜಗಳ. ನಂತರ ಇಪ್ಪತ್ತು ನಿಮಿಷ ಬರವಣಿಗೆ, ಐದು ನಿಮಿಷ ಬಿಡುವು, ಮತ್ತೆ ಇಪ್ಪತ್ತು ನಿಮಿಷ. ಕಷ್ಟದ ವಿಷಯ ಮೊದಲು. ಆಮೇಲೂ ಉಳಿದರೆ ಪುಸ್ತಕ ಮುಚ್ಚಿ, "ನಲವತ್ತು ನಿಮಿಷ ಕೂತಿದ್ದ, ಇಷ್ಟು ಆಯಿತು" ಎಂದು ಡೈರಿಯಲ್ಲಿ ಬರೆದು ತಾಯಿ ಸಹಿ ಹಾಕಬೇಕು.

ಬರೆಯಲು ಕೂರಬೇಕಾದದ್ದು ಅಜ್ಜಿ ಸೊಪ್ಪು ಬಿಡಿಸುವ ಜಾಗದಲ್ಲೇ. "ನಂಗೆ ಇಂಗ್ಲಿಷ್ ಬರಲ್ವಲ್ಲಮ್ಮ, ನಾನೇನು ಹೇಳಿಕೊಡ್ಲಿ?" ಎಂದರು ಆ ಹಿರಿಯರು. ಹೇಳಿಕೊಡುವುದು ಬೇಡ, ಕೇಳಿಸಿಕೊಳ್ಳಿ ಎಂದೆ. ಪ್ರತಿ ಪಾಠವನ್ನು ಪುಟ್ಟ ಮೊದಲು ಅಜ್ಜಿಗೆ ಕನ್ನಡದಲ್ಲಿ ಹೇಳಬೇಕು, ಅಜ್ಜಿಗೆ ಅರ್ಥವಾಗದ್ದನ್ನು ಅವರು ಕೇಳಬೇಕು, ಆಮೇಲೆ ಅವನು ಬರೆಯಬೇಕು. ಈ ಪ್ರಕರಣದಲ್ಲಿ ನಾನು ಅತಿ ಹೆಚ್ಚು ನಂಬಿದ ಸಲಹೆ ಇದೇ.

ತಾಯಿಗೆ ಹೇಳಿದ್ದು ಎರಡು ಮಾತು. ಮನೆಗೆ ಬಂದ ಕೂಡಲೇ "ಹೋಂವರ್ಕ್ ಆಯ್ತಾ?" ಎನ್ನಬೇಡಿ, ಕಾಫಿ ಕುಡಿಯುತ್ತಾ ಅವನ ಪಕ್ಕ ಸುಮ್ಮನೆ ಕೂತುಕೊಳ್ಳಿ. ರಬ್ಬರ್ ಮುಟ್ಟಲೇಬೇಡಿ. ತಪ್ಪು ತಪ್ಪಾಗಿಯೇ ಶಾಲೆಗೆ ಹೋಗಲಿ. ನಾವು ಮನೆಯಲ್ಲಿ ಎಲ್ಲ ತಿದ್ದಿ ಕಳಿಸಿದರೆ ಮಗುವಿಗೆ ಎಲ್ಲವೂ ಬರುತ್ತದೆ ಎಂದೇ ಶಿಕ್ಷಕರು ತಿಳಿಯುತ್ತಾರೆ. ಇನ್ನು ಹೊಡೆತ: ಅದು ಇವತ್ತಿಗೇ ನಿಲ್ಲಬೇಕು ಎಂದು ಸ್ಪಷ್ಟವಾಗಿಯೇ ಹೇಳಿದೆ. ತಾಯಿ ಅತ್ತರು. ಮಲಗುವ ಮುನ್ನ ಬ್ಯಾಗ್ ಜೋಡಿಸಿಡುವುದು, ಒಂಬತ್ತಕ್ಕೆ ದೀಪ ಆರಿಸುವುದು ಸುಲಭವಾಗಿ ಒಪ್ಪಿಗೆಯಾಯಿತು. ಈ ವಯಸ್ಸಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು.

ಮೊದಲ ವಾರ ಕಷ್ಟವಾಯಿತು. ಆಟದಿಂದ ಒಳಗೆ ಬರುವುದಿಲ್ಲ ಎಂದು ಹಟ ಮಾಡಿದ, ಅಜ್ಜಿ ಕರಗಿ ಬಿಟ್ಟುಬಿಟ್ಟರು. ಡೈರಿ ಓದಿದ ಕ್ಲಾಸ್ ಟೀಚರ್ ತಾವಾಗಿಯೇ ಫೋನ್ ಮಾಡಿ, ಇಷ್ಟು ಹೊತ್ತು ಹಿಡಿಯುತ್ತದೆಂದು ತಮಗೆ ತಿಳಿದಿರಲಿಲ್ಲ ಎಂದು ನಕಲು ಬರವಣಿಗೆ ಕಡಿಮೆ ಮಾಡಿದರು. ಎರಡನೇ ತಿಂಗಳ ಹೊತ್ತಿಗೆ ಹೊಟ್ಟೆನೋವು ಸೋಮವಾರಕ್ಕಷ್ಟೇ ಉಳಿಯಿತು. ಇಂಗ್ಲಿಷ್ ಓದು ಇನ್ನೂ ನಿಧಾನವಿದೆ. ಐದನೇ ತರಗತಿ ಶುರುವಾಗುವಾಗ ಮತ್ತೆ ಓದಿಸಿ ನೋಡುತ್ತೇನೆ, ಆಗಲೂ ಹೀಗೇ ಇದ್ದರೆ ಕಲಿಕಾ ನ್ಯೂನತೆಯ ಪರೀಕ್ಷೆಗೆ ಕಳಿಸುತ್ತೇನೆ ಎಂದು ಹೇಳಿದ್ದೇನೆ. ತಂದೆ ಈಗ ಉಳಿದ ಮೂರು ದಿನದ ಟ್ಯೂಷನ್ ಬಗ್ಗೆಯೂ ಯೋಚಿಸುತ್ತಿದ್ದಾರೆ.