ಅಧಿಕಾರಕ್ಕಾಗಿ ಯಾವುದಕ್ಕೂ ಹೇಸದ ಕುತಂತ್ರಿಗಳಲ್ಲಿ ಎಲ್ಲರನ್ನೂ ಮೀರಿಸುವವರು ಯಾರು?

ಶಕುನಿ ಮತ್ತು ಇಟಲಿಯ ಆಳರಸ ಚೆಸಾರೆ ಬೋರ್ಜಿಯಾರ ಹೆಸರು ಹೇಳಿ, ಸಾಹಿತ್ಯದಲ್ಲಾಗಲಿ ರಾಜಕಾರಣದಲ್ಲಾಗಲಿ ಇವರನ್ನು ಮೀರಿಸುವವರು ಇದ್ದಾರೆಯೇ, ಇಂಥವರು ಕೊನೆಗೆ ಗೆಲ್ಲುತ್ತಾರೆಯೇ ಎಂದು ಕೇಳಿದ್ದೀರಿ. ಇದ್ದಾನೆ: ವಿಶಾಖದತ್ತನ ಸಂಸ್ಕೃತ ನಾಟಕ ‘ಮುದ್ರಾರಾಕ್ಷಸ’ದ ಚಾಣಕ್ಯ. ಬೆಳಗಾದರೆ ಮೊಬೈಲಿನಲ್ಲಿ ಸೂಕ್ತಿಯಾಗಿ ಬಂದು ಬೀಳುವ ಚಾಣಕ್ಯನ ಮಾತಲ್ಲ ಇದು. ನಾಲ್ಕು ಶಾಸಕರನ್ನು ರೆಸಾರ್ಟಿಗೆ ಸಾಗಿಸಿದವರಿಗೆಲ್ಲ ನಮ್ಮ ವಾಹಿನಿಗಳು ಅಂಟಿಸುವ ಬಿರುದಿನ ಮಾತೂ ಅಲ್ಲ.

ಶಕುನಿಯನ್ನು ಬೇಗ ಬದಿಗಿಡಬಹುದು. ಜೂಜಿನ ಚಪಲವಿರುವ ಧರ್ಮರಾಯನನ್ನು ಜೂಜಿಗೆ ಕರೆಯಲು ಮಹಾ ಬುದ್ಧಿಯೇನೂ ಬೇಕಿರಲಿಲ್ಲ.

ಬೋರ್ಜಿಯಾನ ತೂಕ ಹೆಚ್ಚು, ರಾಜನೀತಿಯ ಚಿಂತಕ ಮೆಕಿಯಾವೆಲ್ಲಿಯಂಥ ಸಾಕ್ಷಿ ಬೇರೆ ಸಿಕ್ಕಿದ್ದ. 1502ರ ಕೊನೆಯಲ್ಲಿ ಫ್ಲಾರೆನ್ಸ್‌ನ ದೂತನಾಗಿ ಮೆಕಿಯಾವೆಲ್ಲಿ ಅವನ ಬಿಡಾರದಲ್ಲೇ ಇದ್ದ. ರೊಮಾನ್ಯಾ ಪ್ರಾಂತ್ಯವನ್ನು ಹದ್ದುಬಸ್ತಿಗೆ ತರಲು ಬೋರ್ಜಿಯಾ ರೆಮಿರೊ ಎಂಬ ಕಠೋರ ಅಧಿಕಾರಿಯನ್ನು ನೇಮಿಸಿದ. ಕೆಲಸ ಮುಗಿದ ಮೇಲೆ ಜನರ ಸಿಟ್ಟನ್ನೆಲ್ಲ ಅವನ ತಲೆಗೆ ಕಟ್ಟಿ, ಡಿಸೆಂಬರ್ 26ರಂದು ಚೆಸೆನಾ ಪಟ್ಟಣದ ಚೌಕದಲ್ಲಿ ಅವನ ಹೆಣವನ್ನು ಎರಡು ತುಂಡಾಗಿಸಿ ಇರಿಸಿದ. ಐದು ದಿನ ಕಳೆದು, ತನ್ನ ವಿರುದ್ಧ ತಿರುಗಿಬಿದ್ದು ಆಮೇಲೆ ರಾಜಿಯಾಗಿದ್ದ ದಂಡನಾಯಕರನ್ನು ಸೆನಿಗಾಲಿಯಾದಲ್ಲಿ ನಗುನಗುತ್ತ ಎದುರುಗೊಂಡು ಸೆರೆಹಿಡಿದ. ಅವರಲ್ಲಿ ಇಬ್ಬರನ್ನು ಆ ರಾತ್ರಿಯೇ ಕತ್ತು ಹಿಸುಕಿ ಕೊಲ್ಲಿಸಿದ. ಇಷ್ಟೆಲ್ಲ ಮಾಡಿದವನು ಒಂದು ವರ್ಷ ತುಂಬುವುದರೊಳಗೆ ಬಿದ್ದುಹೋದ. 1503ರ ಆಗಸ್ಟ್‌ನಲ್ಲಿ ಅವನ ತಂದೆ ಪೋಪ್ ಆರನೆಯ ಅಲೆಕ್ಸಾಂಡರ್ ತೀರಿಕೊಂಡ. ಮನೆತನದ ಹಳೆಯ ವೈರಿಯಾಗಿದ್ದ ಕಾರ್ಡಿನಲ್ ಕೊಟ್ಟ ಮಾತನ್ನು ನಂಬಿ, ಆತ ಎರಡನೆಯ ಜೂಲಿಯಸ್ ಎಂಬ ಹೆಸರಿನಲ್ಲಿ ಪೋಪ್ ಆಗಲು ಬೋರ್ಜಿಯಾ ಬೆಂಬಲ ಕೊಟ್ಟ. ಮಾತು ಕೊಟ್ಟು ಮುರಿಯುವುದರಲ್ಲೇ ಹೆಸರು ಮಾಡಿದವನಿಗೆ ಬೇರೆಯವರೂ ಮುರಿಯಬಹುದು ಎಂಬುದು ಹೊಳೆಯಲಿಲ್ಲ!

ಈಗ ಚಾಣಕ್ಯನಿಗೆ ಬರುತ್ತೇನೆ. ನಾಟಕ ಶುರುವಾಗುವ ಹೊತ್ತಿಗೆ ನಂದರು ನಾಶವಾಗಿದ್ದಾರೆ, ಪಾಟಲಿಪುತ್ರದಲ್ಲಿ ಚಂದ್ರಗುಪ್ತ ಪಟ್ಟಕ್ಕೇರಿದ್ದಾನೆ. ಉಳಿದಿರುವ ಮುಳ್ಳೆಂದರೆ ನಂದರ ಅಮಾತ್ಯ ರಾಕ್ಷಸ. ಒಡೆಯರೇ ಇಲ್ಲವಾದ ಮೇಲೂ ಅವರ ಋಣ ತೀರಿಸಲು ಅವನು ಪರ್ವತಕ ರಾಜನ ಮಗ ಮಲಯಕೇತುವಿನ ಜೊತೆ ಸೇರಿ ದಂಡು ಕಟ್ಟುತ್ತಿದ್ದಾನೆ. ಅವನೂ ಹಾಲಿನಲ್ಲಿ ಮಿಂದವನೇನಲ್ಲ. ಚಂದ್ರಗುಪ್ತನ ಮೇಲೆ ವಿಷಕನ್ಯೆಯನ್ನು ಬಿಟ್ಟವನು, ಅವನ ಮಲಗುವ ಕೋಣೆಯ ಗೋಡೆಯೊಳಗೆ ಕೊಲೆಗಾರರನ್ನು ಅಡಗಿಸಿದವನು. ಗೋಡೆಯ ಬಿರುಕಿನಿಂದ ಅನ್ನದ ಅಗುಳು ಹೊತ್ತ ಇರುವೆಗಳ ಸಾಲು ಹೊರಬರುವುದನ್ನು ಕಂಡ ಚಾಣಕ್ಯ, ಒಳಗೆ ಜನರಿದ್ದಾರೆಂದು ತಿಳಿದು ಕೋಣೆಗೇ ಬೆಂಕಿ ಇಡಿಸುತ್ತಾನೆ. ಆದರೆ ರಾಕ್ಷಸನ ತಲೆ ಅವನಿಗೆ ಬೇಡ. ರಾಕ್ಷಸ ತಾನಾಗಿ ಒಪ್ಪಿ ಚಂದ್ರಗುಪ್ತನ ಮಂತ್ರಿಯಾಗಬೇಕು. ಅಂಥ ನಿಷ್ಠೆಯನ್ನು ಕೊಂದು ಕಳೆದುಕೊಳ್ಳುವುದು ದಂಡ ಎಂಬುದು ಅವನ ಲೆಕ್ಕ.

ಊರು ಬಿಡುವಾಗ ರಾಕ್ಷಸ ಹೆಂಡತಿಯನ್ನೂ ಮಗುವನ್ನೂ ಗೆಳೆಯನಾದ ರತ್ನದ ವ್ಯಾಪಾರಿ ಚಂದನದಾಸನ ಮನೆಯಲ್ಲಿ ಬಿಟ್ಟಿರುತ್ತಾನೆ. ಯಮನ ಚಿತ್ರಪಟ ಹಿಡಿದು ಹಾಡುತ್ತ ಬಂದ ಗೂಢಚಾರನನ್ನು ನೋಡಲು ಆ ಮಗು ಬಾಗಿಲಿಗೆ ಓಡಿಬರುತ್ತದೆ. ಒಳಗಿನಿಂದ ಚಾಚಿದ ಹೆಣ್ಣಿನ ಕೈ ಅದನ್ನು ಎಳೆದುಕೊಳ್ಳುವಾಗ, ಗಂಡಸಿನ ಬೆರಳಿನ ಅಳತೆಯ ಉಂಗುರ ಜಾರಿ ಉರುಳಿ ಗೂಢಚಾರನ ಕಾಲ ಬಳಿ ಬಂದು ಬೀಳುತ್ತದೆ. ಅದು ರಾಕ್ಷಸನ ಮುದ್ರೆಯುಂಗುರ. ಇಷ್ಟು ಮಾತ್ರ ಅದೃಷ್ಟ.

ಚಾಣಕ್ಯ ರಾಕ್ಷಸನ ಆಪ್ತನಾದ ಶಕಟದಾಸನ ಕೈಯಲ್ಲೇ, ಅವನಿಗೆ ಮರ್ಮ ತಿಳಿಯದಂತೆ, ರಾಕ್ಷಸನೂ ಮಲಯಕೇತುವಿನ ಪಕ್ಷದ ರಾಜರೂ ಚಂದ್ರಗುಪ್ತನೊಡನೆ ಒಳಒಪ್ಪಂದ ಮಾಡಿಕೊಂಡಂತೆ ತೋರುವ ಒಂದು ಪತ್ರ ಬರೆಸಿ ಆ ಉಂಗುರದ ಮುದ್ರೆ ಒತ್ತಿಸುತ್ತಾನೆ. ಆಮೇಲೆ ಅದೇ ಶಕಟದಾಸನನ್ನು ಶೂಲಕ್ಕೇರಿಸಲು ಆಜ್ಞೆ ಮಾಡಿ, ಸಿದ್ಧಾರ್ಥಕನೆಂಬ ತನ್ನ ಗೂಢಚಾರನ ಮೂಲಕ ವಧ್ಯಸ್ಥಾನದಿಂದ ತಪ್ಪಿಸಿ ರಾಕ್ಷಸನ ಬಳಿಗೆ ಕಳುಹಿಸುತ್ತಾನೆ. ಗೆಳೆಯನ ಜೀವ ಉಳಿಸಿದವನಿಗೆ ರಾಕ್ಷಸ, ಮಲಯಕೇತು ಆಗಷ್ಟೇ ತನಗೆ ಕಳುಹಿಸಿದ್ದ ಆಭರಣಗಳನ್ನು ಮೈಮೇಲಿಂದ ಕಳಚಿ ಕೊಟ್ಟುಬಿಡುತ್ತಾನೆ. ಬರಿಮೈಯಲ್ಲಿ ರಾಜಕುಮಾರನ ಮುಂದೆ ನಿಲ್ಲಲಾದೀತೇ? ಮಾರಾಟಕ್ಕೆ ಬಂದ ಬೇರೆ ಆಭರಣಗಳನ್ನು ಕೊಳ್ಳುತ್ತಾನೆ. ಮಾರಲು ಬಂದವರು ಚಾಣಕ್ಯನ ಕಡೆಯವರು, ಒಡವೆ ಮಲಯಕೇತುವಿನ ಸತ್ತ ತಂದೆ ಪರ್ವತಕನದು.

ಐದನೆಯ ಅಂಕದಲ್ಲಿ ಸಿದ್ಧಾರ್ಥಕ ಬೇಕೆಂದೇ ಸಿಕ್ಕಿಬೀಳುತ್ತಾನೆ. ಅವನ ಬಳಿ ಆ ಪತ್ರ, ಆ ಮೊದಲ ಆಭರಣಗಳು, ಎಲ್ಲದರ ಮೇಲೂ ರಾಕ್ಷಸನ ಮುದ್ರೆ. ಉತ್ತರ ಹೇಳಲು ಬಂದ ರಾಕ್ಷಸನ ಮೈಮೇಲೆ ಪರ್ವತಕನ ಒಡವೆ. ನಿಜ ಹೇಳಿದರೆ ನಂಬುವವರಿಲ್ಲ. ಪತ್ರದ ಅಕ್ಷರ ಶಕಟದಾಸನದೇ ಎಂದು ಕಂಡ ರಾಕ್ಷಸ, ಹೆಂಡತಿ ಮಕ್ಕಳ ಆಸೆಗೆ ಬಿದ್ದು ಗೆಳೆಯನೇ ದ್ರೋಹ ಬಗೆದನೇ ಎಂದು ಶಂಕಿಸುತ್ತಾನೆ. ಶೂಲ, ವಿಷ, ಬೆಂಕಿ ಎಲ್ಲಕ್ಕಿಂತ ನನಗೆ ಕ್ರೂರವಾಗಿ ಕಂಡದ್ದು ಈ ಒಂದು ಕ್ಷಣ. ಈ ಬಲೆಯ ಎಳೆಗಳನ್ನು ಬಿಡಿಸಿ ನೋಡಿ, ರಾಕ್ಷಸನ ದುರಾಸೆಯಾಗಲಿ ಚಟವಾಗಲಿ ಎಲ್ಲಿಯೂ ಸಿಗುವುದಿಲ್ಲ. ಸಿಗುವುದು ಗೆಳೆತನ, ಕೃತಜ್ಞತೆ, ಧಾರಾಳತನ. ಮೊದಲ ಅಂಕದಲ್ಲಿ ಚಂದನದಾಸ ಪ್ರಾಣ ಹೋದರೂ ಗೆಳೆಯನ ಸಂಸಾರವನ್ನು ಒಪ್ಪಿಸುವುದಿಲ್ಲ ಎಂದಾಗ ಚಾಣಕ್ಯ ಹೊರಗೆ ಗದರುತ್ತಾನೆ, ಒಳಗೆ ಹಿಗ್ಗುತ್ತಾನೆ: ಇವನು ಅವನಿಗಾಗಿ ಸಾಯಲು ಸಿದ್ಧನಾದರೆ ಅವನೂ ಇವನಿಗಾಗಿ ಬಂದೇ ಬರುತ್ತಾನೆ! ಕೊನೆಯ ಅಂಕದಲ್ಲಿ ಹಾಗೆಯೇ ಆಗುತ್ತದೆ. ಚಂದನದಾಸನನ್ನು ಉಳಿಸಲು ಬಂದ ರಾಕ್ಷಸ ಮಂತ್ರಿಪದವಿಗೆ ತಲೆಬಾಗುತ್ತಾನೆ.

ದಡ್ಡನನ್ನು, ಲೋಭಿಯನ್ನು ಮೋಸಗೊಳಿಸುವ ಕುತಂತ್ರಿಗಳು ಎಲ್ಲ ಕಾಲದಲ್ಲೂ ಇರುತ್ತಾರೆ. ಸಜ್ಜನಿಕೆಯನ್ನೇ ಹಿಡಿಕೆ ಮಾಡಿಕೊಂಡು ಮನುಷ್ಯನನ್ನು ತಿರುಗಿಸುವವನು ಅಪರೂಪ. ಮೂರನೆಯ ಅಂಕದಲ್ಲಿ ಬರುವ ಚಾಣಕ್ಯನ ಮನೆಯ ವರ್ಣನೆ ಓದಿದರೆ ಭಯ ಇನ್ನೂ ಹೆಚ್ಚುತ್ತದೆ: ಬೆರಣಿ ಒಡೆಯುವ ಕಲ್ಲು, ದರ್ಭೆಯ ರಾಶಿ, ಒಣಗಲು ಹಾಕಿದ ಸಮಿತ್ತಿನ ಭಾರಕ್ಕೆ ಬಾಗಿದ ಸೂರು. ತನಗಾಗಿ ಏನೂ ಬೇಡದವನನ್ನು ಯಾವ ಆಮಿಷ ತೋರಿಸಿ ತಡೆಯುತ್ತೀರಿ?

ಇನ್ನು ಗೆಲ್ಲುತ್ತಾರೆಯೇ ಎಂಬ ಪ್ರಶ್ನೆ. ನಾಟಕದಲ್ಲಿ ಚಾಣಕ್ಯ ಪೂರ್ತಿ ಗೆಲ್ಲುತ್ತಾನೆ, ರಾಕ್ಷಸನಿಗೂ ಚಂದನದಾಸನಿಗೂ ಗೌರವ ಸಿಗುತ್ತದೆ, ಮಲಯಕೇತುವಿಗೆ ತಂದೆಯ ನಾಡು ಮರಳುತ್ತದೆ. ಆದರೆ ಆ ಪತ್ರವನ್ನು ನಂಬಿ ಮಲಯಕೇತು ತನ್ನದೇ ಪಕ್ಷದ ಐವರು ರಾಜರನ್ನು ಕೊಲ್ಲಿಸಿರುತ್ತಾನೆ: ಭೂಮಿಗೆ ಆಸೆಪಟ್ಟರೆನ್ನಲಾದ ಮೂವರನ್ನು ಗುಂಡಿಯಲ್ಲಿ ಹೂಳಿಸಿ, ಆನೆಗಳಿಗೆ ಆಸೆಪಟ್ಟರೆನ್ನಲಾದ ಇಬ್ಬರನ್ನು ಆನೆಯಿಂದಲೇ ಸಾಯಿಸಿ. ಅವರು ಮಾಡಿದ ತಪ್ಪು ಏನೂ ಇಲ್ಲ. ಕೊನೆಯ ಸಂಭ್ರಮದಲ್ಲಿ ಅವರಿಗಾಗಿ ಯಾರೂ ಮರುಗುವುದಿಲ್ಲ. ಇದನ್ನು ಇತಿಹಾಸವೆಂದು ಓದಬೇಡಿ. ವಿಶಾಖದತ್ತ ಮೌರ್ಯರಿಗಿಂತ ಎಷ್ಟೋ ಶತಮಾನ ಈಚಿನವನು. ಚಾಣಕ್ಯನದೆಂದು ಪರಂಪರೆ ಹೇಳುವ ‘ಅರ್ಥಶಾಸ್ತ್ರ’ದ ಓಲೆಗರಿ ಪ್ರತಿ ಮೈಸೂರಿನ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದದ್ದು 1905ರಲ್ಲಿ, ಅಚ್ಚಾದದ್ದು 1909ರಲ್ಲಿ. ಸನ್ಯಾಸಿಯ, ವ್ಯಾಪಾರಿಯ ವೇಷದ ಗೂಢಚಾರರನ್ನು ಹೇಗೆ ನೇಮಿಸಬೇಕೆಂದು ಅದರಲ್ಲಿ ಶಾಂತವಾಗಿ ಬರೆದಿರುವುದನ್ನು ಓದಿದರೆ ನಾಟಕದ ಒಳಯಂತ್ರ ಅರ್ಥವಾಗುತ್ತದೆ.

ಸಮಯ ಕಡಿಮೆಯಿದ್ದರೆ ನಾಟಕದ ಒಂದು, ಎರಡು, ಐದನೆಯ ಅಂಕಗಳನ್ನು ಓದಿ, ಪಕ್ಕದಲ್ಲಿ ಮೆಕಿಯಾವೆಲ್ಲಿಯ ‘ದಿ ಪ್ರಿನ್ಸ್’ನ ಏಳನೆಯ ಅಧ್ಯಾಯ ಇಟ್ಟುಕೊಳ್ಳಿ. ಇದೇ ಕಥೆಯನ್ನು ಕೆಂಪುನಾರಾಯಣ 1823ರಲ್ಲಿ ‘ಮುದ್ರಾಮಂಜೂಷ’ ಎಂದು ಕನ್ನಡ ಗದ್ಯದಲ್ಲಿ ಬರೆದಿದ್ದಾನೆ. ಹಳೆಯ ಶೈಲಿಗೆ ಹೆದರದವರು ಅಲ್ಲಿಂದಲೇ ಶುರುಮಾಡಬಹುದು.